ಗಡಿಯಾರ ಅಮ್ಮನ ಕೈಯಲ್ಲಿ, ಪೆನ್ನು ಮಗುವಿನ ಕೈಯಲ್ಲಿ

(ಸ್ವಸಹಾಯ ಸಂಘಗಳ ಮಾಸಿಕ ಸಭೆಗೆ ಒಂದು ಪಾಠ)



ಕಳೆದ ಮಳೆಗಾಲದಲ್ಲಿ ಉಚ್ಚಿಲದ ಒಂದು ಸಂಘದ ಸಭೆಗೆ ಹೋಗಿದ್ದೆ. ಉಳಿತಾಯ ಕಟ್ಟಿ, ಸಾಲದ ಕಂತಿನ ಲೆಕ್ಕ ಮುಗಿಸಿ ಎಲ್ಲರೂ ಮನೆಗೆ ಹೊರಟಿದ್ದರು. ಮೀನು ಮಾರುವ ಒಬ್ಬ ಸದಸ್ಯೆ ಮಾತ್ರ ಕೊಡೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. "ಸಿಸ್ಟರ್, ಮಗಳು ಏಳನೇ ಕ್ಲಾಸು. ಕಿರುಪರೀಕ್ಷೆಯಲ್ಲಿ ಪ್ರಬಂಧದ ಪುಟ ಖಾಲಿ ಬಿಟ್ಟು ಬಂದಿದ್ದಾಳೆ. ಕೇಳಿದ್ರೆ ಟೈಮ್ ಸಾಕಾಗ್ಲಿಲ್ಲ ಅಂತಾಳೆ. ಇನ್ನು ಶಾಲೆಗೇ ಹೋಗುದಿಲ್ಲ ಅಂತ ಹಠ. ನನಗೆ ಓದ್ಲಿಕ್ಕೆ ಬರುದಿಲ್ಲ, ನಾನೆಂತ ಮಾಡುದು?" ಎಂದು ಕೇಳಿದರು.

ಈ ಪ್ರಶ್ನೆ ಅವರೊಬ್ಬರದ್ದಲ್ಲ. ಆರು, ಏಳು, ಎಂಟನೆಯ ತರಗತಿಯ ಮಕ್ಕಳಿರುವ ಎಷ್ಟೋ ಮನೆಗಳದ್ದು. ಅದಕ್ಕೆ ಉತ್ತರ ಹುಡುಕುವುದೇ ಈ ತಿಂಗಳ ಪಾಠ. ಓದು ಬರಹ ಬಾರದ ತಾಯಿಯೂ ಮಗುವಿಗೆ ಪ್ರಬಂಧ ಬರೆಯಲು ಕಲಿಸಬಹುದು. ಹೇಗೆ ಎಂದು ನೋಡೋಣ.

ಪುಟ ಖಾಲಿ ಉಳಿಯುವುದು ಏಕೆ?

ಮೊದಲು ನನ್ನದೇ ಕಥೆ ಹೇಳುತ್ತೇನೆ. ನಾನು ಓದುವಾಗ ಏಳನೆಯ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಮನೆಯಲ್ಲಿ ನಮ್ಮದು ಕೊಂಕಣಿ. ಶಾಲೆಯ ಕನ್ನಡಕ್ಕೆ ಹೆದರಿ ಐದು ಪ್ರಬಂಧಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಪರೀಕ್ಷೆಯಲ್ಲಿ ಆ ಐದರಲ್ಲಿ ಒಂದೂ ಬರಲಿಲ್ಲ. ಏನು ಬರೆಯುವುದೆಂದು ತಿಳಿಯದೆ ಪೀಠಿಕೆಯನ್ನೇ ಮೂರು ಸಲ ಬರೆದು ಮೂರು ಸಲ ಹೊಡೆದು ಹಾಕಿದೆ. ಅಷ್ಟರಲ್ಲಿ ಗಂಟೆ ಬಾರಿಸಿತು. ಹೇಳಲು ನನ್ನಲ್ಲಿ ಏನೂ ಇರಲಿಲ್ಲವೇ? ಬೇಕಾದಷ್ಟಿತ್ತು. ಅದನ್ನು ಬರೆಯಬಹುದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಇಂದಿಗೂ ಕಾರಣಗಳು ಹೆಚ್ಚು ಕಡಿಮೆ ಅವೇ.

ಒಂದು, ಬಾಯಿಪಾಠ. ಗೈಡಿನಿಂದ ಕಲಿತ ಪ್ರಬಂಧದ ಒಂದು ಸಾಲು ಮರೆತರೆ ಮುಂದಿನದ್ದೆಲ್ಲ ಮರೆತು ಹೋಗುತ್ತದೆ. ಈಗ ಮೊಬೈಲಿನಲ್ಲಿ ಕೇಳಿದರೆ ಕ್ಷಣದಲ್ಲಿ ಇಡೀ ಪ್ರಬಂಧ ಸಿಗುತ್ತದೆ. ಆದರೆ ಪರೀಕ್ಷೆಯ ಕೋಣೆಯೊಳಗೆ ಮೊಬೈಲ್ ಬರುವುದಿಲ್ಲ.

ಎರಡು, ಭಾಷೆ. ನಮ್ಮ ಮಕ್ಕಳು ತುಳು, ಕೊಂಕಣಿ, ಬ್ಯಾರಿ ಮಾತಾಡುತ್ತಾ ಬೆಳೆದವರು. ಯೋಚನೆ ಮನೆಮಾತಿನಲ್ಲಿ ಬರುತ್ತದೆ, ಬರೆಯಬೇಕಾದ್ದು ಪುಸ್ತಕದ ಕನ್ನಡದಲ್ಲಿ. ಈ ನಡುವಿನ ದಾರಿಗೆ ಸಮಯ ಹಿಡಿಯುತ್ತದೆ.

ಮೂರು, ಗಡಿಯಾರದ ಅಭ್ಯಾಸ ಇಲ್ಲದಿರುವುದು. ಮನೆಯಲ್ಲಿ ಹೊತ್ತು ನೋಡದೆ ಬರೆಯುವ ಮಗುವಿಗೆ ಅರ್ಧ ಗಂಟೆ ಎಂದರೆ ಎಷ್ಟು ಎಂಬ ಅಂದಾಜು ಇರುವುದಿಲ್ಲ.

ಈ ಮೂರರಲ್ಲಿ ಮಗುವಿನ ದಡ್ಡತನ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್, ಮಗುವನ್ನು ಭಯ ಆತಂಕಗಳಿಂದ ದೂರವಿಡಬೇಕು, ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಲು ಅದಕ್ಕೆ ನೆರವಾಗಬೇಕು ಎನ್ನುತ್ತದೆ. ಪ್ರಬಂಧ ಎಂದರೆ ಅದೇ ತಾನೇ? ತನ್ನ ಅನಿಸಿಕೆಯನ್ನು ಹೆದರದೆ ಹೇಳುವುದು.

ಮೊದಲ ಹೆಜ್ಜೆ: ಮೊದಲು ಬಾಯಿ, ಆಮೇಲೆ ಪೆನ್ನು

ಆ ಹುಡುಗಿಗೆ ಬಂದಿದ್ದ ವಿಷಯ 'ಮಳೆಗಾಲ'. ಮರುದಿನ ಸಂಜೆ ಅವರ ಮನೆಗೆ ಹೋಗಿ, "ಬರೆಯುವುದು ಬೇಡ, ಮಳೆಗಾಲದಲ್ಲಿ ನಿಮ್ಮ ಮನೆಯಲ್ಲಿ ಏನೇನಾಗುತ್ತದೆ, ತುಳುವಿನಲ್ಲೇ ಹೇಳು" ಎಂದೆ. ಮೊದಲು ನಾಚಿಕೆ. ಆಮೇಲೆ ಮಾತು ನಿಲ್ಲಲೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆಯಲ್ಲವೇ? ಮಲ್ಪೆಯಲ್ಲಿ ಬೋಟಿಗೆ ಹೋಗುವ ಅಪ್ಪ ಆ ಎರಡು ತಿಂಗಳು ಮನೆಯಲ್ಲೇ ಇರುತ್ತಾರೆ. ಅಮ್ಮ ಒಣಮೀನು ಮಾರುತ್ತಾರೆ. ರಾತ್ರಿ ಕಡಲಿನ ಶಬ್ದಕ್ಕೆ ಅಜ್ಜಿ ಎದ್ದು ಕೂರುತ್ತಾರೆ. ಒಂದು ವರ್ಷ ಕಡಲ್ಕೊರೆತದಲ್ಲಿ ಅವರ ಎರಡು ತೆಂಗಿನಮರ ಹೋದವು. ಇಷ್ಟನ್ನು ಹತ್ತು ನಿಮಿಷದಲ್ಲಿ ಹೇಳಿದಳು!

"ಪರೀಕ್ಷೆಯಲ್ಲಿ ಇದನ್ನೇ ಬರೀಬಹುದಿತ್ತಲ್ಲ?" ಎಂದರೆ, "ಇದನ್ನೆಲ್ಲ ಬರೀಲಿಕ್ಕೆ ಉಂಟಾ?" ಎಂದು ಕಣ್ಣು ಅಗಲಿಸಿದಳು.

ಬರೀಲಿಕ್ಕೆ ಉಂಟು. ನಮ್ಮ ಜಿಲ್ಲೆಯ ಕೋಟದಲ್ಲಿ ಹುಟ್ಟಿದ ಡಾ. ಶಿವರಾಮ ಕಾರಂತರು 'ಮರಳಿ ಮಣ್ಣಿಗೆ' ಕಾದಂಬರಿಯಲ್ಲಿ ಈ ಕಡಲ ಕರೆಯ ಬದುಕನ್ನೇ ಬರೆದರು. ಅವರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂತು. ನಮ್ಮ ಮನೆಯ ವಿಷಯ ಬರೆಯಲು ಯೋಗ್ಯವಲ್ಲ ಎಂದು ಮಕ್ಕಳು ಎಂದೂ ತಿಳಿಯಬಾರದು.

ನೀವು ಬೀಡಿ ಕಟ್ಟುತ್ತಾ, ಮೀನು ಕೊಯ್ಯುತ್ತಾ ಕೇಳಬಹುದು. ಕೈ ಕೆಲಸದಲ್ಲಿರಲಿ, ಕಿವಿ ಮಗುವಿನ ಕಡೆಗಿರಲಿ. ನಡುನಡುವೆ "ಆಮೇಲೆ?", "ಯಾಕೆ ಹಾಗೆ?" ಎಂದು ಕೇಳಿದರೆ ಸಾಕು.

ಎರಡನೆಯ ಹೆಜ್ಜೆ: ನಾಲ್ಕು ಕಂಬ

ಚಪ್ಪರ ಹಾಕಬೇಕಾದರೆ ಮೊದಲು ನಾಲ್ಕು ಕಂಬ ನೆಡುತ್ತೇವೆ. ಪ್ರಬಂಧಕ್ಕೂ ಹಾಗೆಯೇ. ಬರೆಯಲು ಶುರು ಮಾಡುವ ಮೊದಲು ಹಾಳೆಯ ಮೂಲೆಯಲ್ಲಿ ನಾಲ್ಕು ಪದ ಬರೆದುಕೊಳ್ಳಲಿ. ಮನೆಮಾತಿನ ಪದವಾದರೂ ಅಡ್ಡಿಯಿಲ್ಲ. ಆಮೇಲೆ ಒಂದು ಗೆರೆ ಎಳೆದು ಹೊಡೆದು ಹಾಕಬಹುದು. ಆ ಹುಡುಗಿಯ ನಾಲ್ಕು ಕಂಬ: ಅಪ್ಪ, ಒಣಮೀನು, ಕಡಲು, ತೆಂಗಿನಮರ. ಒಂದೊಂದು ಕಂಬಕ್ಕೆ ನಾಲ್ಕೈದು ವಾಕ್ಯ ಬರೆದರೆ ಪ್ರಬಂಧ ಆಗಿಯೇ ಹೋಯಿತು.

'ಪ್ಲಾಸ್ಟಿಕ್ ಮಾಲಿನ್ಯ', 'ಸ್ವಚ್ಛತೆ' ಮುಂತಾದ ವಿಷಯಗಳು ಬಂದರೆ ಕಂಬಗಳು ಬೇರೆ: ತೊಂದರೆ ಏನು? ಯಾವ ಕಾರಣದಿಂದ? ಅದರಿಂದ ಯಾರಿಗೆ ನಷ್ಟ? ನಾವೇನು ಮಾಡಬಹುದು? ಇಲ್ಲಿಯೂ ಊರಿನದ್ದೇ ಒಂದು ಉದಾಹರಣೆ ಇರಲಿ. ಬಲೆಗೆ ಮೀನಿನ ಜೊತೆ ಬರುವ ಪ್ಲಾಸ್ಟಿಕ್ ಚೀಲಗಳ ಬಗ್ಗೆ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಯಾರು ಬರೆದಾರು?

ಪೀಠಿಕೆಗೆ ಹೆಚ್ಚು ಹೊತ್ತು ಕೊಡಬಾರದು. "ಮಳೆಯು ಪ್ರಕೃತಿಯ ವರದಾನವಾಗಿದೆ" ಎಂದು ಹತ್ತು ಮಕ್ಕಳು ಬರೆಯುತ್ತಾರೆ. "ಜೂನ್ ತಿಂಗಳು ಬಂದರೆ ನಮ್ಮ ಅಪ್ಪ ಮನೆಯಲ್ಲಿರುತ್ತಾರೆ" ಎಂದು ಶುರು ಮಾಡಿದರೆ ಓದುವ ಟೀಚರಿಗೂ ಮುಂದೇನು ಎಂದು ತಿಳಿಯುವ ಆಸೆಯಾಗುತ್ತದೆ.

ಮೂರನೆಯ ಹೆಜ್ಜೆ: ಸಮಯವನ್ನು ಹಂಚುವುದು

ಸಮಯ ಹಂಚುವುದು ನಿಮಗೆ ಹೊಸತಲ್ಲ. ಒಂದು ಗಂಟೆಯ ಸಭೆಯಲ್ಲಿ ಹಾಜರಿ, ಉಳಿತಾಯ, ಸಾಲ, ಚರ್ಚೆ, ನಿರ್ಣಯ ಎಲ್ಲವನ್ನೂ ಮುಗಿಸುತ್ತೀರಿ. ಚರ್ಚೆಯಲ್ಲೇ ಹೊತ್ತು ಕಳೆದರೆ ನಿರ್ಣಯ ಬರೆಯದೆ ಏಳಬೇಕಾಗುತ್ತದೆ ಎಂದು ನಿಮಗೆ ಗೊತ್ತು. ಅರ್ಧ ಗಂಟೆಯ ಪ್ರಬಂಧವನ್ನು ಹೀಗೆ ಹಂಚಬಹುದು:

ವಿಷಯ ಓದಿ ಆರಿಸಲು 2 ನಿಮಿಷ
ನಾಲ್ಕು ಕಂಬ ಯೋಚಿಸಲು 5 ನಿಮಿಷ
ಬರೆಯಲು 18 ನಿಮಿಷ
ಓದಿ ತಿದ್ದಲು 5 ನಿಮಿಷ

"ಯೋಚಿಸಲು ಐದು ನಿಮಿಷ ದಂಡವಲ್ಲವೇ?" ಎಂದು ಮಕ್ಕಳು ಕೇಳುತ್ತಾರೆ. ದಂಡವಲ್ಲ. ಕಂಬ ನೆಡದೆ ಬರೆಯಲು ಕುಳಿತವರು ನಡುವೆ ಪೆನ್ನು ಕಚ್ಚುತ್ತಾ ಕೂರುವ ಹೊತ್ತು ಅದಕ್ಕಿಂತ ಹೆಚ್ಚು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿಯೂ ಪ್ರಶ್ನೆಪತ್ರಿಕೆ ಓದುವುದಕ್ಕೆಂದೇ 15 ನಿಮಿಷ ಕೊಡುತ್ತಾರೆ. ಆ ಹೊತ್ತನ್ನು ಬಳಸುವ ಅಭ್ಯಾಸ ಈಗಲೇ ಆಗಲಿ.

ಮಗು ಎಷ್ಟು ಬೇಗ ಬರೆಯುತ್ತದೆ ಎಂದು ಒಮ್ಮೆ ಅಳೆದು ನೋಡಿ. ಗೊತ್ತಿರುವ ಪಾಠವನ್ನು ಹತ್ತು ನಿಮಿಷ ನೋಡಿ ಬರೆಯಲಿ, ಆಮೇಲೆ ಸಾಲು ಎಣಿಸಿ. ಹತ್ತು ನಿಮಿಷಕ್ಕೆ ಹನ್ನೆರಡು ಸಾಲು ಬಂದರೆ, ಹದಿನೆಂಟು ನಿಮಿಷಕ್ಕೆ ಇಪ್ಪತ್ತೊಂದು ಸಾಲಿನ ಹತ್ತಿರ. ಸ್ವಂತ ಬರೆಯುವಾಗ ಅದಕ್ಕಿಂತ ಸ್ವಲ್ಪ ಕಡಿಮೆಯೇ. ಇಷ್ಟು ತಿಳಿದರೆ ಮಗು ಮೂರು ಪುಟದ ಆಸೆ ಬಿಟ್ಟು ಒಂದು ಪುಟವನ್ನು ಚೆನ್ನಾಗಿ ಬರೆಯುತ್ತದೆ.

ಆದರೆ ಮೊದಲ ದಿನವೇ ಗಡಿಯಾರ ಇಟ್ಟು ಹೆದರಿಸಬೇಡಿ. ಮೊದಲ ವಾರ ಹೊತ್ತು ನೋಡದೆ ಬರೆಯಲಿ. ಎರಡನೆಯ ವಾರ ಹತ್ತು ನಿಮಿಷದಲ್ಲಿ ಒಂದೇ ಕಂಬ. ಮೂರನೆಯ ವಾರ ಇಪ್ಪತ್ತು ನಿಮಿಷದಲ್ಲಿ ಎರಡು ಕಂಬ. ನಾಲ್ಕನೆಯ ವಾರ ಅರ್ಧ ಗಂಟೆಯಲ್ಲಿ ಇಡೀ ಪ್ರಬಂಧ. ವಾರಕ್ಕೆ ಒಂದು ದಿನ ಸಾಕು. ಹೊತ್ತು ನೋಡುವ ಕೆಲಸ ಅಮ್ಮನದ್ದು. ಬರೆಯಲು ಇನ್ನು ಮೂರೇ ನಿಮಿಷ ಉಳಿದಿದೆ ಎಂದು ನೀವು ಹೇಳಿದಾಗ, ಎಲ್ಲಿದ್ದರೂ ಬಿಟ್ಟು ಕೊನೆಯ ಎರಡು ವಾಕ್ಯ ಬರೆದು ಮುಗಿಸಲಿ. ಮುಕ್ತಾಯ ಇಲ್ಲದ ಪ್ರಬಂಧ ಬಾಗಿಲಿಲ್ಲದ ಮನೆಯ ಹಾಗೆ ಕಾಣುತ್ತದೆ.

ನಾಲ್ಕನೆಯ ಹೆಜ್ಜೆ: ಓದಿ ಹೇಳಿಸುವುದು

ಇಲ್ಲಿ ಓದು ಬಾರದ ತಾಯಿಯೇ ಒಳ್ಳೆಯ ಪರೀಕ್ಷಕಿ. ಓದಲು ಬರುವವರು ಕಾಗುಣಿತದ ತಪ್ಪು ಹುಡುಕಲು ಹೊರಡುತ್ತೇವೆ. ಓದಲು ಬಾರದ ತಾಯಿ ಕೇಳಿಸಿಕೊಳ್ಳುತ್ತಾಳೆ. ಮಗು ಬರೆದದ್ದನ್ನು ಗಟ್ಟಿಯಾಗಿ ಓದಲಿ. ನಿಮಗೆ ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ "ಅಂದರೆ ಎಂತ?" ಎಂದು ಕೇಳಿ. ಹೆಚ್ಚಿನ ಸಲ ಅಲ್ಲಿ ಒಂದು ವಾಕ್ಯ ಬಿಟ್ಟುಹೋಗಿರುತ್ತದೆ. ಮಗುವೇ ಅದನ್ನು ಕಂಡುಹಿಡಿದು ಸೇರಿಸುತ್ತದೆ.

ಓದಲು ಬರುವವರು ಒಂದು ಸಂಗತಿ ನೆನಪಿಡಿ. ಎಲ್ಲ ತಪ್ಪಿಗೂ ಕೆಂಪು ಗೆರೆ ಹಾಕಬೇಡಿ. ವಾರಕ್ಕೆ ಒಂದೇ ಬಗೆಯ ತಪ್ಪು ತಿದ್ದಿ: ಈ ವಾರ ಲ ಮತ್ತು ಳ, ಮುಂದಿನ ವಾರ ಪೂರ್ಣವಿರಾಮ. ಮಾತಿನ 'ಬರ್ತದೆ' ಬರೆಯುವಾಗ 'ಬರುತ್ತದೆ' ಆಗಬೇಕು ಎಂದು ಪ್ರೀತಿಯಿಂದ ಹೇಳಿಕೊಡಿ. ತಿದ್ದುವ ಮೊದಲು ಚೆನ್ನಾಗಿ ಬಂದ ಒಂದು ವಾಕ್ಯವನ್ನು ತೋರಿಸಿ ಹೊಗಳಿ. ಮನೆಮಾತನ್ನು ಮಾತ್ರ ಹೀಯಾಳಿಸಬೇಡಿ.

ಪದಗಳು ಬೆಳೆಯಬೇಕಾದರೆ ಓದಬೇಕು. ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ನಿಮ್ಮ ಪಂಚಾಯತಿನಲ್ಲಿ ವಿಚಾರಿಸಿ ಮಗುವಿನ ಹೆಸರು ಬರೆಸಿ.

ಆ ಹುಡುಗಿ ಏನಾದಳು?

ನಾಲ್ಕನೆಯ ವಾರ ನಾನು ಹೋದಾಗ ಅವಳು ಅರ್ಧ ಗಂಟೆಯಲ್ಲಿ ಹದಿನಾಲ್ಕು ಸಾಲು ಬರೆದಿದ್ದಳು. ಒತ್ತಕ್ಷರ ಅಲ್ಲಲ್ಲಿ ತಪ್ಪಿತ್ತು. ಮೂರನೆಯ ಕಂಬ ಅರ್ಧದಲ್ಲೇ ನಿಂತಿತ್ತು. ಅಮ್ಮನಿಗೆ ಓದಿ ಹೇಳಿದಳು. ತೆಂಗಿನಮರ ಬಿದ್ದ ರಾತ್ರಿ ಅಜ್ಜಿ ಅಂಗಳದಲ್ಲಿ ಒಬ್ಬರೇ ನಿಂತಿದ್ದರು ಎಂಬ ಸಾಲು ಬಂದಾಗ ಅಮ್ಮ ಬುಟ್ಟಿ ಕೆಳಗಿಟ್ಟು, "ನೀನು ಅದನ್ನು ನೋಡಿದ್ದಿಯಾ? ನಿದ್ದೆಯಲ್ಲಿದ್ದೆ ಅಂತ ತಿಳ್ಕೊಂಡಿದ್ದೆ" ಎಂದರು. ಆ ಮಾತು ಅವರಿಬ್ಬರ ನಡುವೆ ಅದುವರೆಗೆ ಬಂದೇ ಇರಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಪೂರ್ತಿ ಅಂಕವೇನೂ ಬರಲಿಲ್ಲ. ಪುಟ ಖಾಲಿ ಇರಲಿಲ್ಲ. ಶಾಲೆ ಬಿಡುವ ಮಾತು ಆ ಮನೆಯಲ್ಲಿ ಮತ್ತೆ ಕೇಳಲಿಲ್ಲ.

ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಯಾವ ಪ್ರಶ್ನೆಯನ್ನು ಬಿಟ್ಟು ಬರುತ್ತಾರೆ? ಕಾರಣ ಕೇಳಿದ್ದೇವೆಯೇ?
2. ಕಳೆದ ವಾರ ಮಗುವಿನ ಮಾತನ್ನು ಹತ್ತು ನಿಮಿಷ ಅಡ್ಡ ಮಾತಾಡದೆ ಕೇಳಿದ್ದೇವೆಯೇ?
3. ವಾರಕ್ಕೊಮ್ಮೆ ಒಬ್ಬ ಸದಸ್ಯೆಯ ಮನೆಯ ಜಗಲಿಯಲ್ಲಿ ಸಂಘದ ಎಲ್ಲ ಮಕ್ಕಳನ್ನೂ ಕೂರಿಸಿ ಬರೆಸಬಹುದೇ? ಹೊತ್ತು ಯಾರು ನೋಡುತ್ತಾರೆ? ಪಿಯುಸಿ ಓದಿದ ಯಾವ ಮಗಳು ಅಥವಾ ಸೊಸೆ ನೆರವಾಗುತ್ತಾಳೆ?

ಚರ್ಚಿಸಿದ ಮೇಲೆ ದಿನ, ಹೊತ್ತು, ಮನೆ ಮೂರನ್ನೂ ನಿರ್ಣಯ ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಮುಂದಿನ ತಿಂಗಳ ಸಭೆಗೆ ಪ್ರತಿ ಮಗು ಬರೆದ ಒಂದು ಹಾಳೆ ತನ್ನಿ. ಆ ಹಾಳೆಗಳನ್ನು ಮಕ್ಕಳ ಬಾಯಿಂದಲೇ ಓದಿಸಿ ಕೇಳೋಣ.