ಬಿತ್ತುವವರ ಭರವಸೆ

ನಾಳೆಯ ಖಾತ್ರಿಯಿಲ್ಲದಾಗ ದೇವರನ್ನು ನಂಬುವ ಬಗೆ ವಿಜಯಪುರ ಜಿಲ್ಲೆಯ ಸಾರವಾಡದ ಸೀಮೆಯ ಒಕ್ಕಲುತನದಲ್ಲೇ ಇದೆ. ನೀರಾವರಿಯಿಲ್ಲದ ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ನೆಲದ ಹಸಿಯನ್ನೇ ನೆಚ್ಚಿದ ಬೆಳೆ. ಮಳೆ ಕೈಕೊಟ್ಟರೆ ಬರ. ಜೋರಾದರೆ ಡೋಣಿ ನದಿ ಉಕ್ಕಿ ಹೊಲಕ್ಕೆ ನುಗ್ಗುತ್ತದೆ. ಆದರೂ ರೈತರು ಕೂರಿಗೆ ಪೂಜಿಸಿ ಬಿತ್ತುತ್ತಾರೆ. ಎಳ್ಳ ಅಮಾವಾಸ್ಯೆಯಂದು, ರಾಶಿ ಕಾಣುವ ಮೊದಲೇ, ಸಜ್ಜಿ ಕಡಬು, ರೊಟ್ಟಿ, ಪಲ್ಯದ ಚರಗವನ್ನು ಬೆಳೆಯ ನಡುವೆ ಚೆಲ್ಲಿ ಭೂತಾಯಿಗೆ ಕೈಮುಗಿಯುತ್ತಾರೆ. ದುಡಿಮೆ, ಪ್ರಾರ್ಥನೆ, ಫಲಕ್ಕೂ ಮುಂಚಿನ ಕೃತಜ್ಞತೆ: ಭರವಸೆಯ ಕ್ರಮ ಇದೇ.

ಇದೇ ಜಿಲ್ಲೆಯ ಬಸವನ ಬಾಗೇವಾಡಿಯ ಬಸವಣ್ಣನವರು 12ನೇ ಶತಮಾನದಲ್ಲಿ ಕಾಯಕ, ದಾಸೋಹಗಳ ದಾರಿ ತೋರಿದರು. ಕಷ್ಟಕಾಲದಲ್ಲಿ ಹರಕೆಗಾಗಿ ಸಾಲ ಮಾಡುವುದು ಬೇಡ. ದಿನಕ್ಕೊಂದಿಷ್ಟು ಹೊತ್ತು ಧ್ಯಾನ, ಕೈಲಾದ ಕೆಲಸ, ಹಸಿದವರಿಗೆ ಒಂದು ರೊಟ್ಟಿ. ದೇವರಿಗೆ ಹತ್ತಿರವಾಗಲು ಇಷ್ಟು ಸಾಕು.