ಅಂಗಡಿಗೆ ರಜೆ: ಗಿರಾಕಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು?



ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದ 'ನಿರ್ದೇಶನ' ಅಧ್ಯಾಯದಲ್ಲಿ ಬರುವ ಸಂವಹನದ ಅಂಶಗಳನ್ನು ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. ಕಳುಹಿಸುವವನು, ಸಂದೇಶ, ಮಾಧ್ಯಮ, ಸ್ವೀಕರಿಸುವವನು, ಗದ್ದಲ, ಹಿಮ್ಮಾಹಿತಿ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಹಬ್ಬದ ದಿನ ಹುಣಸೂರಿನ ಪೇಟೆಯಲ್ಲಿ ಒಂದು ಸುತ್ತು ಹಾಕಿ, ಶಟರ್ ಮೇಲೆ ಅಂಟಿಸಿರುವ ಚೀಟಿಗಳನ್ನು ಇದೇ ಅಂಶಗಳಿಟ್ಟು ಓದಿ ನೋಡಿ. ಹೆಚ್ಚಿನವುಗಳಲ್ಲಿ ಒಂದೇ ಸಾಲು ಇರುತ್ತದೆ: 'ಹಬ್ಬದ ಪ್ರಯುಕ್ತ ರಜೆ'. ಬಾಗಿಲು ಹಾಕಿರುವುದು ಗಿರಾಕಿಯ ಕಣ್ಣಿಗೇ ಕಾಣುತ್ತದೆ, ಅದನ್ನು ಬರೆದು ಹೇಳಬೇಕಿಲ್ಲ. ಮತ್ತೆ ಯಾವಾಗ ತೆಗೆಯುತ್ತೀರಿ ಎನ್ನುವುದು ಅವನ ಪ್ರಶ್ನೆ. ಅದಕ್ಕೆ ಚೀಟಿಯಲ್ಲಿ ಉತ್ತರವಿಲ್ಲ.

ಈ ಗಿರಾಕಿ ಯಾರು? ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಗ್ಯಾರೇಜ್, ವೆಲ್ಡಿಂಗ್, ಪಂಕ್ಚರ್, ಟೈಲರ್, ಮಟನ್ ಅಂಗಡಿಗಳಿಗೆ ಬರುವವರಲ್ಲಿ ಹೆಚ್ಚಿನವರು ಹಳ್ಳಿಯವರು. 2024ರಲ್ಲಿ ಬಕ್ರೀದ್ ಜೂನ್ 17ಕ್ಕೆ ಬಂತು, 2025ರಲ್ಲಿ ಜೂನ್ 7ಕ್ಕೆ. ಮೇ, ಜೂನ್ ಎಂದರೆ ಹುಣಸೂರು, ಪಿರಿಯಾಪಟ್ಟಣ ಕಡೆ ತಂಬಾಕು ಸಸಿ ನಾಟಿಯ ಕಾಲ. ಟಿಲ್ಲರ್ ಕೆಟ್ಟು ನಿಂತ ರೈತ ಅದರ ಭಾಗವನ್ನು ಚೀಲಕ್ಕೆ ಹಾಕಿಕೊಂಡು ಎಚ್.ಡಿ. ಕೋಟೆಯ ಒಂದು ಮೂಲೆಯಿಂದ ಬಸ್ಸಿನಲ್ಲಿ ಬರುತ್ತಾನೆ. ಶಟರ್ ಎಳೆದಿದೆ. ಬಸ್ ಚಾರ್ಜ್ ಹೋಯಿತು, ಒಂದು ದಿನದ ಕೆಲಸ ಹೋಯಿತು, ಎರಡು ದಿನ ಕಳೆದರೆ ಹೊಲದ ಹದವೂ ಹೋಗುತ್ತದೆ. ಅಂಗಡಿಯವರಿಗೆ ಇದು ಲೆಕ್ಕದ ಪುಸ್ತಕದಲ್ಲಿ ಕಾಣುವ ನಷ್ಟವಲ್ಲ. ಆ ರೈತ ಮುಂದಿನ ಸಲ ಬೇರೆ ಕಡೆ ಹೋಗುತ್ತಾನೆ, ಅಷ್ಟೇ.

ಇನ್ನು ದಿನಾಂಕದ ವಿಷಯ. ನಮ್ಮ ಹಬ್ಬಗಳೆಲ್ಲ ಚಂದ್ರನ ಮೇಲೆ ನಿಂತಿವೆ, ಮುಂಚೆ ಹೇಳಲು ಆಗುವುದಿಲ್ಲ ಎಂದು ಅಂಗಡಿಯವರು ಹೇಳುವುದುಂಟು. ಇದು ಪೂರ್ತಿ ನಿಜವಲ್ಲ. ಬಕ್ರೀದ್ ಬರುವುದು ಜಿಲ್‌ಹಜ್ ತಿಂಗಳ 10ನೇ ದಿನ, ಈದ್ ಮಿಲಾದ್ ರಬೀಉಲ್ ಅವ್ವಲ್ 12ರಂದು, ಮೊಹರಂ ಕಡೇ ದಿನ ಆ ತಿಂಗಳ 10ರಂದು. ತಿಂಗಳ ಚಂದ್ರ ಕಂಡ ಮೇಲೆ ಇವುಗಳಿಗೆಲ್ಲ ಒಂಬತ್ತು ಹತ್ತು ದಿನದ ಅವಕಾಶ ಇದೆ. ಬಕ್ರೀದ್‌ಗೆ ಮೂರು ದಿನ ಬಾಗಿಲು ಹಾಕುವವರು ವಾರ ಮುಂಚೆಯೇ ಬೋರ್ಡ್ ಬರೆಯಬಹುದು. ನಿಜವಾಗಿ ಕಷ್ಟ ಇರುವುದು ರಂಜಾನ್ ಒಂದಕ್ಕೆ. 29ನೇ ರೋಜಾದ ಸಂಜೆಯವರೆಗೆ ನಾಳೆ ಹಬ್ಬವೋ ನಾಡಿದ್ದೋ ಗೊತ್ತಾಗುವುದಿಲ್ಲ. ಸರ್ಕಾರಿ ರಜೆಯ ಪಟ್ಟಿಯಲ್ಲಿ 'ಖುತುಬ್-ಎ-ರಂಜಾನ್' ಎಂದು ಒಂದು ತಾರೀಖು ಅಚ್ಚಾಗಿರುತ್ತದೆ ನಿಜ. ಚಂದ್ರ ಆ ಪಟ್ಟಿ ನೋಡಿಕೊಂಡು ಬರುವುದಿಲ್ಲ.

2024ರ ಏಪ್ರಿಲ್ ಇದಕ್ಕೆ ಒಳ್ಳೆಯ ಉದಾಹರಣೆ. 9ರ ಮಂಗಳವಾರ ಯುಗಾದಿ, ಅದೇ ದಿನ 29ನೇ ರೋಜಾ. 10ರ ಬುಧವಾರ ಹೊಸತೊಡಕು. ಹಳೇ ಮೈಸೂರು ಸೀಮೆಯಲ್ಲಿ ಮಟನ್ ಅಂಗಡಿಗೆ ಇಡೀ ವರ್ಷದಲ್ಲಿ ಅದರಷ್ಟು ದೊಡ್ಡ ವ್ಯಾಪಾರದ ದಿನ ಇನ್ನೊಂದಿಲ್ಲ. ಚಂದ್ರ ಕಂಡಿದ್ದರೆ ಹೊಸತೊಡಕಿನ ಬೆಳಿಗ್ಗೆಯೇ ಈದ್ ನಮಾಜ್. ಇಲ್ಲಿ ಕಾಣಲಿಲ್ಲ, ಹಬ್ಬ 11ರ ಗುರುವಾರಕ್ಕೆ ಹೋಯಿತು. 2025ರಲ್ಲಿ ಹಾಗಾಗಲಿಲ್ಲ. ಮಾರ್ಚ್ 30ರ ಭಾನುವಾರ ಯುಗಾದಿ, ಅಂದು ಸಂಜೆ ಚಂದ್ರ ಕಂಡಿತು, 31ರ ಸೋಮವಾರ ರಂಜಾನ್ ಮತ್ತು ಹೊಸತೊಡಕು ಒಂದೇ ದಿನ ಬಂದವು.

ಇದು ಆಕಸ್ಮಿಕವಲ್ಲ. ಯುಗಾದಿ ಅಮಾವಾಸ್ಯೆ ಕಳೆದ ಪಾಡ್ಯದ ದಿನ. ಗೌಡರ ಮನೆಯವರು ಹಬ್ಬದ ಸಂಜೆ ನೋಡಿ ಕೈಮುಗಿಯುವ ಚಂದ್ರನೂ ನಾವು ಮಸೀದಿಯ ಮಾಳಿಗೆ ಹತ್ತಿ ಹುಡುಕುವ ಚಂದ್ರನೂ ಒಂದೇ. ಹಿಂದೂ ಪಂಚಾಂಗದಲ್ಲಿ ಅಧಿಕ ಮಾಸ ಸೇರುತ್ತದೆ, ಹಿಜರಿಯಲ್ಲಿ ಸೇರುವುದಿಲ್ಲ. ಹಾಗಾಗಿ ಎರಡೂ ಕೆಲವು ವರ್ಷ ಜೊತೆಯಲ್ಲಿ ಬಂದು ಮತ್ತೆ ದೂರವಾಗುತ್ತವೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ 2027ರ ಯುಗಾದಿ ಏಪ್ರಿಲ್‌ಗೆ ಹೋಗುತ್ತದೆ, ರಂಜಾನ್ ಮಾರ್ಚ್‌ನಲ್ಲೇ ಮುಗಿದಿರುತ್ತದೆ.

ಎರಡು ದಿನಗಳಲ್ಲಿ ಯಾವುದೋ ಗೊತ್ತಿಲ್ಲದಾಗ ಏನು ಬರೆಯಬೇಕು? ಗೊತ್ತಿರುವುದನ್ನು ಬರೆಯಬೇಕು. 2024ರ ಆ ವಾರಕ್ಕೆ ಗ್ಯಾರೇಜಿನ ಬೋರ್ಡ್ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

'ಮಂಗಳವಾರ ರಾತ್ರಿ ಚಂದ್ರ ಕಂಡರೆ ಬುಧವಾರ ರಜೆ. ಕಾಣದಿದ್ದರೆ ಗುರುವಾರ ರಜೆ. ಶುಕ್ರವಾರ ಬೆಳಿಗ್ಗೆ 9ಕ್ಕೆ ಅಂಗಡಿ ತೆರೆದೇ ಇರುತ್ತದೆ.'

ದೂರದವರು ಮೂರನೇ ವಾಕ್ಯ ಓದಿ ಶುಕ್ರವಾರವೇ ಬರುತ್ತಾರೆ. ಊರಿನವರಿಗೆ ಮೊದಲೆರಡು ಸಾಕು. ಮಟನ್ ಅಂಗಡಿಗೆ ಈ ಮಾದರಿ ಆಗುವುದಿಲ್ಲ, ಹೊಸತೊಡಕಿನ ದಿನ ಬಾಗಿಲು ಹಾಕುವಂತಿಲ್ಲ. ಅಲ್ಲಿ ಗಂಟೆ ಹೇಳಬೇಕು: 'ಬೆಳಗಿನ ಜಾವ 4ರಿಂದ 7ರವರೆಗೆ, ನಮಾಜ್ ಮುಗಿಸಿ 10ರಿಂದ.' ಯುಗಾದಿಯ ಹಿಂದಿನ ದಿನವೇ ಕೇಜಿ ಲೆಕ್ಕ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಎಚ್.ಡಿ. ಕೋಟೆಯ ವ್ಯಾಪಾರಿಗಳಿಗೆ ಇನ್ನೊಂದು ಎಚ್ಚರ ಬೇಕು. 2024ರಲ್ಲಿ ಕೇರಳದಲ್ಲಿ ಹಬ್ಬ 10ರಂದೇ ಆಯಿತು, ನಮಗಿಂತ ಒಂದು ದಿನ ಮೊದಲು. ಬಾವಲಿ ದಾರಿಯಲ್ಲಿ ಮಾನಂದವಾಡಿಗೆ ತರಕಾರಿ ಕಳಿಸುವವರು ನಮ್ಮ ರಜೆಯನ್ನೇ ಅವರ ರಜೆ ಎಂದುಕೊಂಡರೆ ಲೋಡ್ ಅಲ್ಲಿ ಹೋಗಿ ಮುಚ್ಚಿದ ಮಂಡಿಯ ಮುಂದೆ ನಿಲ್ಲುತ್ತದೆ. ಕಾಡಿನ ಆ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹೊತ್ತು ಮೀರಿದರೆ ಗಾಡಿ ರಾತ್ರಿಯೆಲ್ಲ ಅಲ್ಲೇ. ಆದ್ದರಿಂದ ಸೂಚನೆ ಕೊಟ್ಟರೆ ಸಾಲದು, ಎದುರಿನವರ ಸೂಚನೆಯನ್ನೂ ಕೇಳಿಕೊಳ್ಳಬೇಕು. ಹಿಮ್ಮಾಹಿತಿ ಎಂದರೆ ಇದೇ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರು ತಮ್ಮ ಹೊಸವರ್ಷ ಲೊಸಾರ್ ಆಚರಿಸುತ್ತಾರೆ. ಅದೂ ಚಂದ್ರನ ಲೆಕ್ಕವೇ. 2025ರಲ್ಲಿ ಫೆಬ್ರವರಿ 28ಕ್ಕೆ ಬಂತು. ಅಲ್ಲಿನ ಹೋಟೆಲುಗಳಿಗೆ ಕೋಳಿ, ತರಕಾರಿ ಹಾಕುವ ನಮ್ಮವರು ಆ ತಾರೀಖನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಬೇಕು.

ಮಾಧ್ಯಮದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ವಾಟ್ಸಾಪ್ ಬಿಸಿನೆಸ್‌ನಲ್ಲಿ ರಜೆಯ ದಿನ ತಾನಾಗಿ ಉತ್ತರ ಹೋಗುವಂತೆ ಮೊದಲೇ ಬರೆದಿಡಬಹುದು. ಗೂಗಲ್ ಮ್ಯಾಪಿನಲ್ಲಿ ಆ ದಿನದ ವೇಳೆ ಬದಲಿಸಬಹುದು. ಆದರೆ ಬಟನ್ ಫೋನ್ ಇಟ್ಟುಕೊಂಡಿರುವ ರೈತನಿಗೆ ಇವೆರಡೂ ಮುಟ್ಟುವುದಿಲ್ಲ. ಅವನಿಗೆ ಬಾಯಿಮಾತೇ ಮಾಧ್ಯಮ. ಹಿಂದಿನ ವಾರ ಬಂದಾಗ ಬಿಲ್ ಕೊಡುತ್ತಾ, "ಗೌಡ್ರೆ, ಮುಂದಿನ ಬುಧವಾರ, ಗುರುವಾರ ಬರಬೇಡಿ, ಹಬ್ಬ ಐತೆ. ಶುಕ್ರವಾರ ಬನ್ನಿ" ಎಂದರೆ ಊರಿಗೆಲ್ಲ ಸುದ್ದಿ ಮುಟ್ಟುತ್ತದೆ. ಬೋರ್ಡನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ, ಉರ್ದು ಕೆಳಗಿರಲಿ. ನಮ್ಮವರಿಗೆ ಹಬ್ಬ ಹೇಗೂ ಗೊತ್ತು, ಬೋರ್ಡ್ ಬೇಕಾಗಿರುವುದು ಗೊತ್ತಿಲ್ಲದವರಿಗೆ.

ಪದೇಪದೇ ಬರುವ ರಜೆಗೆ ನಿಯಮವೇ ಸೂಚನೆ. 2015ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಈಗ ಅದನ್ನು ಯಾರೂ ಚೀಟಿ ಅಂಟಿಸಿ ಹೇಳುವುದಿಲ್ಲ. ಜುಮಾ ಹೊತ್ತಿಗೆ ಬಾಗಿಲು ಎಳೆಯುವವರು ಪ್ರತಿ ವಾರ ಅದೇ ಗಂಟೆಗೆ ಎಳೆದು ಅದೇ ಗಂಟೆಗೆ ತೆರೆದರೆ ಗಿರಾಕಿ ತಾನೇ ಹೊಂದಿಕೊಳ್ಳುತ್ತಾನೆ.

ಅಭ್ಯಾಸ: ನಿಮ್ಮ ಮನೆಯ ಅಥವಾ ಬೀದಿಯ ಒಂದು ಅಂಗಡಿಯನ್ನು ಆರಿಸಿಕೊಳ್ಳಿ. ಅದಕ್ಕೆ ಮುಂದಿನ ಬಕ್ರೀದ್‌ಗೆ ಒಂದು, ರಂಜಾನ್‌ಗೆ ಒಂದು ಬೋರ್ಡ್ ಬರೆಯಿರಿ, ತಲಾ 20 ಪದ ಮೀರದಂತೆ. ಬರೆದ ಮೇಲೆ ಆ ಅಂಗಡಿಗೆ ಬರುವ ಹಳ್ಳಿಯ ಗಿರಾಕಿಯೊಬ್ಬರಿಗೆ ಓದಿ ಹೇಳಿ, 'ಹಾಗಾದರೆ ನೀವು ಯಾವತ್ತು ಬರ್ತೀರಿ?' ಎಂದು ಕೇಳಿ. ಅವರು ಹೇಳಿದ ದಿನವನ್ನು ಬೋರ್ಡಿನ ಕೆಳಗೆ ಬರೆದುಕೊಂಡು ಶನಿವಾರ ತರಗತಿಗೆ ತನ್ನಿ.