ನಾರುಹುಣ್ಣು: ಪಯಣಿಗನೊಡನೆ ಬರುವ ಹುಳು

1970ರ ಸುಮಾರಿನಲ್ಲಿ ಮಳವಳ್ಳಿಯ ಬೆಲ್ಲದ ವ್ಯಾಪಾರಿಯೊಬ್ಬನು ಬೇಸಗೆಯಲ್ಲಿ ರಾಯಚೂರಿನ ಕಡೆಗೆ ಹೋಗಿ, ದಾರಿಯ ಮೆಟ್ಟಿಲುಬಾವಿಯೊಂದರ ನೀರು ಕುಡಿದು ಊರಿಗೆ ಮರಳಿದನೆಂದು ಭಾವಿಸೋಣ. ಹಲವು ತಿಂಗಳು ಅವನಿಗೆ ಯಾವ ತೊಂದರೆಯೂ ಇಲ್ಲ. ಸುಮಾರು ಒಂದು ವರ್ಷ ಕಳೆದ ಮೇಲೆ ಕಾಲಿನಲ್ಲಿ ಗುಳ್ಳೆಯೊಂದು ಎದ್ದು ಬೆಂಕಿಯಂತೆ ಉರಿಯತೊಡಗುತ್ತದೆ. ಗುಳ್ಳೆ ಒಡೆದಾಗ ಬಿಳಿಯ ದಾರದಂತಹ ಹುಳುವಿನ ತುದಿಯು ಹೊರಗೆ ಕಾಣುತ್ತದೆ. ಇದೇ ನಾರುಹುಣ್ಣು. ಕುಡಿದ ನೀರಿಗೂ ಕಾಲಿನ ಹುಣ್ಣಿಗೂ ಏನು ಸಂಬಂಧ?

ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜಲಚರವುಂಟು. ಅದು ನಾರುಹುಳುವಿನ ಮರಿಗಳನ್ನು ನುಂಗುತ್ತದೆ. ಮರಿಗಳು ಅದರೊಳಗೆ ಸುಮಾರು ಎರಡು ವಾರಗಳಲ್ಲಿ ಮನುಷ್ಯನಿಗೆ ತಗಲಬಲ್ಲ ಹಂತವನ್ನು ಮುಟ್ಟುತ್ತವೆ. ಸೈಕ್ಲಾಪ್ಸಿನ ಈ ಪಾತ್ರವನ್ನು 1870ರ ಸುಮಾರಿಗೆ ರಷ್ಯದ ವಿಜ್ಞಾನಿ ಫೆಡ್‌ಚೆಂಕೊ ಕಂಡುಹಿಡಿದನು. ಆ ನೀರನ್ನು ನಾವು ಕುಡಿದರೆ ಜಠರರಸದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ. ಮರಿಗಳು ಮಾತ್ರ ಉಳಿದು, ಕರುಳಿನ ಗೋಡೆಯನ್ನು ಕೊರೆದು ಒಡಲನ್ನು ಸೇರುತ್ತವೆ. ಗಂಡುಹುಳು ಕೂಡಿದ ಬಳಿಕ ಸಾಯುತ್ತದೆ. ಹೆಣ್ಣು ಒಂದು ಮೀಟರಿನವರೆಗೂ ಬೆಳೆದು, ಚರ್ಮದ ಅಡಿಯಲ್ಲಿ ಸಾಮಾನ್ಯವಾಗಿ ಕಾಲಿನತ್ತ ಸಾಗುತ್ತದೆ. ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ನೀರಿಗಿಳಿಸಿದೊಡನೆ ಅದು ಲಕ್ಷಗಟ್ಟಲೆ ಮರಿಗಳನ್ನು ಹೊರಚೆಲ್ಲುತ್ತದೆ. ನಮ್ಮ ವ್ಯಾಪಾರಿಯು ತನ್ನೂರಿನ ಕೆರೆಗೆ ಇಳಿದನೆಂದರೆ, ರೋಗವಿಲ್ಲದ ಊರಿನಲ್ಲಿ ತಾನರಿಯದೆಯೇ ರೋಗವನ್ನು ಬಿತ್ತಿದಂತಾಯಿತು.

ಈ ಹುಳುವನ್ನು ಕೊಲ್ಲುವ ಔಷಧವಾಗಲಿ, ತಡೆಯುವ ಲಸಿಕೆಯಾಗಲಿ ಇಂದಿಗೂ ಇಲ್ಲ. ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಕೆಲವೇ ಸೆಂಟಿಮೀಟರಿನಂತೆ ವಾರಗಟ್ಟಲೆ ಎಳೆಯಬೇಕು. ಅವಸರಪಟ್ಟು ತುಂಡುಮಾಡಿದರೆ ಬಾವು ಬಂದು ನೋವು ಇಮ್ಮಡಿಸುತ್ತದೆ.

ಆದರೂ ಈ ರೋಗವು ಭಾರತದಿಂದ ತೊಲಗಿದೆ. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿದ್ದ ಪಿಡುಗನ್ನು ನಿರ್ಮೂಲಗೊಳಿಸುವ ರಾಷ್ಟ್ರೀಯ ಕಾರ್ಯಕ್ರಮವು 1983-84ರಲ್ಲಿ ಆರಂಭವಾಯಿತು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೊಳವೆಬಾವಿಗಳನ್ನು ಕೊರೆದರು, ಕುಡಿಯುವ ನೀರನ್ನು ಒತ್ತಾದ ನೆಯ್ಗೆಯ ಬಟ್ಟೆಯಲ್ಲಿ ಸೋಸಲು ಜನರಿಗೆ ಕಲಿಸಿದರು. ದೇಶದ ಕೊನೆಯ ರೋಗಿಯು 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರಿಗಿದ್ದ ಈ ರೋಗ 2024ರಲ್ಲಿ 15 ಮಂದಿಯಲ್ಲಿ ಮಾತ್ರ ಕಂಡಿತು. ಆಫ್ರಿಕದ ಚಾಡ್ ದೇಶದಲ್ಲಿ ನಾಯಿಗಳಿಗೂ ಈ ಹುಳು ತಗಲುವುದರಿಂದ ಅಲ್ಲಿ ಕೆಲಸವಿನ್ನೂ ಮುಗಿದಿಲ್ಲ.

ಹುಳುವಿನ ಬಾಳು ಒಂದು ಸರಪಣಿ: ಬಾವಿ, ಸೈಕ್ಲಾಪ್ಸ್, ಮನುಷ್ಯ, ಮತ್ತೆ ಬಾವಿ. ಒಂದು ಕೊಂಡಿ ಕಳಚಿದರೆ ಸಾಕು, ಔಷಧವಿಲ್ಲದೆಯೇ ರೋಗ ಅಳಿಯುತ್ತದೆ. ದೂರದೇಶದಿಂದ ಮರಳಿದವನ ಚರ್ಮದಲ್ಲಿ ಹುಣ್ಣನ್ನು ಕಂಡ ವೈದ್ಯನು, ಕಳೆದ ವರ್ಷ ಎಲ್ಲಿದ್ದೆ, ಯಾವ ನೀರು ಕುಡಿದೆ ಎಂದು ಕೇಳುವುದೂ ಆ ಕೊಂಡಿಯನ್ನು ಹುಡುಕುವುದಕ್ಕಾಗಿಯೇ.